ತಂಬಾಕು ಪೈಪಿನ ಬೆಳ್ಳಿ ಪಟ್ಟಿ

ತಂಬಾಕು ಪೈಪಿನ ಬೆಳ್ಳಿ ಪಟ್ಟಿ ಎಂದರೆ ಪೈಪಿನ ಮರದ ತೋಳು ಬಾಯಿಕೊಳವೆಯನ್ನು ಸೇರುವ ಸ್ಥಳದಲ್ಲಿ ಹೊರಗಿನಿಂದ ತೊಡಿಸುವ ತೆಳುವಾದ ಬೆಳ್ಳಿಯ ಉಂಗುರ. ನೋಡುವವರಿಗೆ ಅಲಂಕಾರವಾಗಿ ಕಂಡರೂ ಮರ ಸೀಳದಂತೆ ಬಿಗಿಹಿಡಿಯುವುದು ಇದರ ಮೂಲ ಕೆಲಸ. ಒನಕೆಯ ತುದಿಗೆ ಹಾಕುವ ಅಣಸಿನ ತತ್ತ್ವವೇ ಇಲ್ಲಿಯೂ ಇದೆ.

ಹಿನ್ನೆಲೆ

ಪೈಪುಗಳನ್ನು ಹೆಚ್ಚಾಗಿ ಬ್ರಯರ್ ಎಂಬ ಮರದಿಂದ ಕೊರೆಯುತ್ತಾರೆ. ಇದು ಮೆಡಿಟರೇನಿಯನ್ ಪ್ರದೇಶದ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಬಾಯಿಕೊಳವೆಯ ತುದಿ ಕೂರುವ ರಂಧ್ರದ ಸುತ್ತ ಮರದ ಗೋಡೆ ತೆಳುವಾಗಿರುತ್ತದೆ. ಪೈಪ್ ಬಿಸಿಯಿರುವಾಗಲೇ ಕೊಳವೆಯನ್ನು ತಿರುಚಿ ಎಳೆದರೆ ಅಲ್ಲಿ ಸುಲಭವಾಗಿ ಸೀಳು ಬೀಳುತ್ತದೆ. ಪಟ್ಟಿಯನ್ನು ಮೊದಲೇ ಹಾಕುವುದೂ ಉಂಟು, ಸೀಳಿದ ಬಳಿಕ ದುರಸ್ತಿಗಾಗಿ ಹಾಕುವುದೂ ಉಂಟು.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಈ ಕೆಲಸ ವಿಶೇಷವಾಗಿ ಬೆಳೆಯಿತು. ಲಂಡನ್ನಿನ ಬಾರ್ಲಿಂಗ್ ಮನೆತನದವರು ಮೊದಲು ಬೆಳ್ಳಿ ಕೆಲಸಗಾರರು, ಪೈಪ್ ತಯಾರಕರಾದದ್ದು ಅನಂತರ. ಡಬ್ಲಿನ್ನಿನ ಪೀಟರ್ಸನ್ ಪೈಪುಗಳಲ್ಲಿ ಲೋಹದ ಅಗಲವಾದ ಟೊಪ್ಪಿಗೆಯೇ ಗುರುತಿನ ಲಕ್ಷಣ.

ಮುದ್ರೆಗಳು

ಪಟ್ಟಿಗೆ ಬಳಸುವುದು ಸಾಮಾನ್ಯವಾಗಿ ಸ್ಟರ್ಲಿಂಗ್ ಬೆಳ್ಳಿ. ಅದರಲ್ಲಿ ಶೇಕಡಾ 92.5 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಇಂಗ್ಲೆಂಡಿನಲ್ಲಿ ಪರೀಕ್ಷೆಯಾದ ಪಟ್ಟಿಯ ಮೇಲೆ ತಯಾರಕರ ಆದ್ಯಕ್ಷರ, ನಡೆಯುವ ಸಿಂಹ, ಊರಿನ ಚಿಹ್ನೆ ಮತ್ತು ವರ್ಷಸೂಚಕ ಅಕ್ಷರ ಇರುತ್ತವೆ. ಲಂಗರು ಬರ್ಮಿಂಗ್‌ಹ್ಯಾಮಿನದು, ಚಿರತೆಯ ಮುಖ ಲಂಡನ್ನಿನದು. ಒಂದೇ ಅಕ್ಷರ ಹಲವು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ಅಕ್ಷರದ ಶೈಲಿಯನ್ನೂ ಸುತ್ತಲಿನ ಚೌಕಟ್ಟನ್ನೂ ಗಮನಿಸಬೇಕು. 1975ಕ್ಕಿಂತ ಮೊದಲು ಊರೂರಿಗೆ ಬೇರೆ ಬೇರೆ ಸರಣಿಯಿತ್ತು.

ಸಂಗ್ರಾಹಕರು ಎಡವುವುದು ಇಲ್ಲಿಯೇ. ಮುದ್ರೆ ಹೇಳುವುದು ಪಟ್ಟಿಯ ವರ್ಷವನ್ನು, ಪೈಪಿನದನ್ನಲ್ಲ. ಹಳೆಯ ಪೈಪಿಗೆ ದುರಸ್ತಿಯಲ್ಲಿ ಹೊಸ ಪಟ್ಟಿ ಬಂದಿರಬಹುದು. ಇನ್ನು ಕೆಲವು ಪೀಟರ್ಸನ್ ಪೈಪುಗಳ ನಿಕಲ್ ಪಟ್ಟಿಗಳ ಮೇಲೆ ಶ್ಯಾಮ್‌ರಾಕ್ ಎಲೆ, ನಾಯಿ ಮತ್ತು ಗೋಪುರದ ಚಿತ್ರಗಳಿರುತ್ತವೆ. ಅವು ಕೇವಲ ಅಲಂಕಾರ. ಡಬ್ಲಿನ್ನಿನ ನಿಜವಾದ ಬೆಳ್ಳಿ ಮುದ್ರೆಯಲ್ಲಿ ಕಿರೀಟವಿರುವ ಹಾರ್ಪ್ ವಾದ್ಯ ಮತ್ತು ಹೈಬರ್ನಿಯಾ ಎಂಬ ಕುಳಿತ ಸ್ತ್ರೀರೂಪ ಇರುತ್ತವೆ. ಇ.ಪಿ.ಎನ್.ಎಸ್. ಎಂದಿದ್ದರೆ ಒಳಗಿರುವುದು ತಾಮ್ರ, ನಿಕಲ್, ಸತುಗಳ ಮಿಶ್ರಣ, ಮೇಲೆ ಬೆಳ್ಳಿಯ ಲೇಪ. ನಮ್ಮ ಮನೆಗಳ 'ಜರ್ಮನ್ ಸಿಲ್ವರ್' ಪಾತ್ರೆಯ ಲೋಹವೂ ಇದೇ, ಹೆಸರಿನಲ್ಲಲ್ಲದೆ ಅದರಲ್ಲಿ ಬೆಳ್ಳಿಯಿಲ್ಲ.

ಮುದ್ರೆಯಿಲ್ಲದ ಮಾತ್ರಕ್ಕೆ ಬೆಳ್ಳಿಯಲ್ಲವೆಂದು ತೀರ್ಮಾನಿಸುವುದೂ ತಪ್ಪು. ಬ್ರಿಟನ್ನಿನ 1973ರ ಕಾಯಿದೆಯ ಪ್ರಕಾರ 7.78 ಗ್ರಾಂಗಿಂತ ಕಡಿಮೆ ತೂಕದ ಬೆಳ್ಳಿ ವಸ್ತುವಿಗೆ ಮುದ್ರೆ ಕಡ್ಡಾಯವಲ್ಲ. ಸಾಧಾರಣ ಪಟ್ಟಿಯೊಂದು ಮೂರು ಗ್ರಾಂ ಸಹ ತೂಗುವುದಿಲ್ಲ.

ತಯಾರಿಕೆ

ಸಿದ್ಧ ಉಂಗುರ ಅಳತೆಗೆ ಹೊಂದದಿದ್ದಾಗ ಸುಮಾರು 0.5 ಮಿ.ಮೀ. ದಪ್ಪದ ತಗಡಿನಿಂದ ಪಟ್ಟಿಯನ್ನು ಮಾಡಿಕೊಳ್ಳಬಹುದು. ತೋಳಿನ ವ್ಯಾಸಕ್ಕೆ ತಗಡಿನ ದಪ್ಪವನ್ನು ಸೇರಿಸಿ 3.14ರಿಂದ ಗುಣಿಸಿದರೆ ಬೇಕಾದ ಉದ್ದ ದೊರೆಯುತ್ತದೆ. 16 ಮಿ.ಮೀ. ತೋಳಿಗೆ ಇದು ಸುಮಾರು 51.8 ಮಿ.ಮೀ. ದಪ್ಪವನ್ನು ಸೇರಿಸಲು ಮರೆತರೆ ಉಂಗುರ ಒಳಗೆ ಹೋಗುವುದೇ ಇಲ್ಲ.

ತಗಡನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿದರೆ ಮೆದುವಾಗುತ್ತದೆ. ಅದನ್ನು ಬಾಗಿಸಿ, ತುದಿಗಳನ್ನು ಬೆಳಕು ತೂರದಷ್ಟು ಕೂಡಿಸಿ, ಬಿಳಿಗಾರ ಹಚ್ಚಿ, ಬೆಳ್ಳಿ ಬೆಸುಗೆ ಹಾಕುತ್ತಾರೆ. ಸ್ಟರ್ಲಿಂಗ್ ಬೆಳ್ಳಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ. ಬೆಸುಗೆ ಅದಕ್ಕೂ ಮೊದಲೇ ಹರಿಯಬೇಕು. ಬಳಿಕ ಉಕ್ಕಿನ ಸರಳಿನ ಮೇಲಿಟ್ಟು ಮರದ ಅಥವಾ ಚರ್ಮದ ಸುತ್ತಿಗೆಯಿಂದ ತಟ್ಟಿ ದುಂಡಗೆ ಮಾಡುತ್ತಾರೆ. ಅಕ್ಕಸಾಲಿಗರಿಗೆ ಇದು ದಿನನಿತ್ಯದ ಕೆಲಸ.

ಕಾಯಿಸಿ ಹಿಗ್ಗಿಸಿ ತೊಡಿಸಬಹುದೆಂಬ ನಂಬಿಕೆ ಪೂರ್ತಿ ಸರಿಯಲ್ಲ. 16 ಮಿ.ಮೀ. ಉಂಗುರ 100 ಡಿಗ್ರಿ ಹೆಚ್ಚು ಕಾದರೂ ಹಿಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ. ಆದ್ದರಿಂದ ಮರವನ್ನೇ ನಯವಾಗಿ ಉಜ್ಜಿ ಅಳತೆಗೆ ತಂದು, ಅರಗು ಅಥವಾ ಎಪಾಕ್ಸಿ ಅಂಟಿನಿಂದ ಕೂರಿಸುವುದು ಸುರಕ್ಷಿತ. ಸೀಳಿದ್ದರೆ ಮೊದಲು ಸೀಳಿಗೆ ಅಂಟು ಇಳಿಸಬೇಕು.

ನಿರ್ವಹಣೆ

ಹಳೆಯ ಬಾಯಿಕೊಳವೆಗಳ ಎಬೊನೈಟ್‌ನಲ್ಲಿ ಗಂಧಕವಿರುವುದರಿಂದ ಅದರ ಸಹವಾಸದಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಹೊಳಪಿನ ಆಸೆಗೆ ಒರಟಾಗಿ ಉಜ್ಜಿದರೆ ಮುದ್ರೆ ಸವೆದು, ಪಟ್ಟಿಯ ಕಾಲವನ್ನು ಗುರುತಿಸುವುದು ಅಸಾಧ್ಯವಾಗುತ್ತದೆ.