ಇದ್ದದ್ದೋ, ನಾವೇ ಮಾಡಿದ್ದೋ: ಜೀವಕೋಶ ವಿಜ್ಞಾನದ ದಾರಿ

ಗಾಲ್ಗಿ ಕಾಯ ಎಂಬುದೊಂದು ಇಲ್ಲವೇ ಇಲ್ಲ ಎಂದು 1949ರಲ್ಲಿ ಇಬ್ಬರು ವಿಜ್ಞಾನಿಗಳು ಬರೆದರು. ಅದು ಜೀವಕೋಶದ ಅಂಗವಲ್ಲ. ಕೋಶವನ್ನು ನೋಡಲೆಂದು ನಾವು ಹಾಕುವ ರಾಸಾಯನಿಕಗಳೇ ಒಳಗಿನ ಕೊಬ್ಬಿನಂಶವನ್ನು ಸುರುಳಿ ಸುರುಳಿ ಮಾಡಿ ಅಂಥದೊಂದು ಆಕಾರವನ್ನು ಹುಟ್ಟಿಸುತ್ತವೆ ಎಂಬುದು ಅವರ ವಾದವಾಗಿತ್ತು. ಬರೆದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಜಾರ್ಜ್ ಪಲಾಡೆ ಮತ್ತು ಆಲ್ಬರ್ಟ್ ಕ್ಲಾಡ್. ಇಪ್ಪತ್ತೈದು ವರ್ಷ ಕಳೆದ ಮೇಲೆ, 1974ರಲ್ಲಿ, ಇಬ್ಬರಿಗೂ ನೊಬೆಲ್ ಬಂತು. ಪಲಾಡೆಯ ದೊಡ್ಡ ಸಾಧನೆ, ಪ್ರೋಟೀನುಗಳು ಕೋಶದಿಂದ ಹೊರಬೀಳುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದು. ಆ ದಾರಿ ಹಾಯುವುದು ಗಾಲ್ಗಿಯ ಮೂಲಕವೇ.

ಇದನ್ನು ನಗೆಪಾಟಲಿನ ಕಥೆಯಂತೆ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂದಿನ ಮಟ್ಟಿಗೆ ಅವರ ಅನುಮಾನ ನ್ಯಾಯವಾದದ್ದೇ. ಕಂಡದ್ದು ಕೋಶದಲ್ಲಿ ಮೊದಲೇ ಇತ್ತೋ, ನೋಡುವ ಭರದಲ್ಲಿ ನಾವೇ ಮಾಡಿಟ್ಟೆವೋ? ಈ ವಿಜ್ಞಾನದ ಇತಿಹಾಸವನ್ನು ಸಂಶೋಧನೆಗಳ ಪಟ್ಟಿಯಾಗಿ ಬರೆಯುವುದಕ್ಕಿಂತ ಈ ಒಂದು ಪ್ರಶ್ನೆಯ ಬೆನ್ನು ಹಿಡಿದು ಬರೆಯುವುದೇ ಸರಿ ಎಂದು ನನ್ನ ಎಣಿಕೆ.

ಇಟಲಿಯ ಪಾವಿಯಾದಲ್ಲಿ ಕಮಿಲ್ಲೋ ಗಾಲ್ಗಿ 1898ರಲ್ಲಿ ಗೂಬೆಯ ಮಿದುಳಿನ ನರಕೋಶಗಳಿಗೆ ಬೆಳ್ಳಿಯ ಲವಣ ಉಣಿಸಿ, ಒಳಗೊಂದು ಬಲೆಯಂಥ ರಚನೆಯನ್ನು ಕಂಡಿದ್ದ. ಅದೇ ಬಣ್ಣ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಹಿಡಿಯುತ್ತಿರಲಿಲ್ಲ. ಬೆಳಕಿನ ಮೈಕ್ರೋಸ್ಕೋಪಿಗೆ ಅದರದೇ ಒಂದು ಗಡಿಯಿದೆ. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆಗಳು ಒಂದೇ ಆಗಿ ಕಾಣುತ್ತವೆ. ಗಾಜು ಎಷ್ಟೇ ಚೆನ್ನಾಗಿದ್ದರೂ ಇದನ್ನು ಮೀರಲಾಗದೆಂದು ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹೀಗಾಗಿ ಗಾಲ್ಗಿಯ ಬಲೆ ಇದೆಯೋ ಇಲ್ಲವೋ ಎಂಬ ಜಗಳ ಅರ್ಧ ಶತಮಾನ ಎಳೆದಾಡಿತು. ಯಾರ ಕೈಯಲ್ಲೂ ಅದನ್ನು ಮುಗಿಸುವ ಸಾಧನ ಇರಲಿಲ್ಲ.

ಸಾಧನ ಬಂದದ್ದು ಎರಡು ಕಡೆಯಿಂದ. ಬೆಲ್ಜಿಯಂನ ಕ್ಲಾಡ್ 1929ರಲ್ಲಿ ರಾಕ್‌ಫೆಲರಿಗೆ ಬಂದದ್ದು ಕೋಶದ ಒಳಗನ್ನು ನೋಡಲೆಂದಲ್ಲ. ಕೋಳಿಯ ಗಡ್ಡೆಗೆ ಕಾರಣವಾಗುವ ರೌಸ್ ವೈರಸ್ಸನ್ನು ಬೇರ್ಪಡಿಸಲೆಂದು. ಗಡ್ಡೆಯನ್ನು ಅರೆದು, ಸೆಂಟ್ರಿಫ್ಯೂಜಿನಲ್ಲಿ ಹೆಚ್ಚು ಹೆಚ್ಚು ವೇಗದಲ್ಲಿ ತಿರುಗಿಸಿ, ತಳಕ್ಕಿಳಿದದ್ದನ್ನು ಪರೀಕ್ಷಿಸುತ್ತ ಹೋದ. ಕೊನೆಗೆ ಸಣ್ಣ ಕಣಗಳು ಸಿಕ್ಕವು. ಹೋಲಿಕೆಗೆಂದು ಆರೋಗ್ಯವಂತ ಕೋಳಿ ಭ್ರೂಣದ ಅಂಗಾಂಶವನ್ನೂ ಹಾಗೆಯೇ ಅರೆದು ತಿರುಗಿಸಿದಾಗ ಅದರಲ್ಲೂ ಅಂಥವೇ ಕಣಗಳು! ವೈರಸ್ಸನ್ನು ಹುಡುಕಿ ಹೊರಟವನು ಹೋಲಿಕೆಯ ಕೋಶದ ಕಡೆಗೇ ತಿರುಗಿದ. ಕೋಶವನ್ನು ಒಡೆದು ಭಾಗಗಳನ್ನು ತೂಕದ ಮೇಲೆ ವಿಂಗಡಿಸುವ ಪದ್ಧತಿ ಬೆಳೆದದ್ದು ಹೀಗೆ.

ಇನ್ನೊಂದು ಕಡೆ ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಬರ್ಲಿನ್ನಿನಲ್ಲಿ ರುಸ್ಕ ಮತ್ತು ನಾಲ್ 1931ರಲ್ಲಿ ಇದರ ಮೊದಲ ರೂಪ ಕಟ್ಟಿದ್ದರೂ ಜೀವಶಾಸ್ತ್ರದವರಿಗೆ ಅದು ಬಹುಕಾಲ ದಕ್ಕಲಿಲ್ಲ. ಅದರೊಳಗೆ ಗಾಳಿಯೇ ಇಲ್ಲ. ನೀರು ತುಂಬಿದ ಕೋಶವನ್ನು ಹಾಗೇ ಇಟ್ಟರೆ ಬಿಸಿಲಿಗೆ ಹಾಕಿದ ಹಪ್ಪಳದಂತೆ ಒಣಗಿ ಮುದುಡುತ್ತದೆ. ದಪ್ಪ ಇದ್ದರೆ ಎಲೆಕ್ಟ್ರಾನುಗಳು ಹಾಯುವುದೂ ಇಲ್ಲ. ಕ್ಲಾಡ್‌ನ ಸಹೋದ್ಯೋಗಿ ಕೀತ್ ಪೋರ್ಟರ್ ಒಂದು ಉಪಾಯ ಹೂಡಿದ: ತೆಳುವಾದ ಪ್ಲಾಸ್ಟಿಕ್ ಪೊರೆಯ ಮೇಲೆ ಕೋಳಿ ಭ್ರೂಣದ ಕೋಶಗಳನ್ನು ಹರಡಿ ಬೆಳೆಸಿ, ಅವುಗಳ ಅಂಚಿನ ತೆಳು ಭಾಗವನ್ನು ಮಾತ್ರ ನೋಡುವುದು. ರಾಕ್‌ಫೆಲರಿನಲ್ಲಿ ಆಗ ಅಂಥ ಮೈಕ್ರೋಸ್ಕೋಪೇ ಇರಲಿಲ್ಲ. ಮುದ್ರಣದ ಶಾಯಿ ತಯಾರಿಸುವ ಇಂಟರ್‌ಕೆಮಿಕಲ್ ಕಂಪನಿಯಲ್ಲಿ ಒಂದಿತ್ತು, ಅದನ್ನು ನಡೆಸಲು ಬಲ್ಲ ಅರ್ನೆಸ್ಟ್ ಫುಲ್ಲಮ್ ಎಂಬವನೂ ಅಲ್ಲಿದ್ದ. 1945ರಲ್ಲಿ ಪೋರ್ಟರ್, ಕ್ಲಾಡ್, ಫುಲ್ಲಮ್ ಹೆಸರಿನಲ್ಲಿ ಅಚ್ಚಾದ ಚಿತ್ರಗಳಲ್ಲಿ ಕೋಶದ ತುಂಬ ಕಸೂತಿಯಂಥ ಎಳೆಗಳು ಕಂಡವು. ಮುಂದೆ ಪೋರ್ಟರ್ ಅದನ್ನು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಂ ಎಂದು ಕರೆದ.

ಕಂಡದ್ದನ್ನು ನಂಬಬಹುದೇ? ಹಳೆಯ ಪ್ರಶ್ನೆ ಹೊಸ ಯಂತ್ರದ ಜತೆ ಮತ್ತೆ ಎದ್ದಿತು. ಪಲಾಡೆ ಇದಕ್ಕೆ ಕೊಟ್ಟ ಉತ್ತರ ಬಹಳ ಸಪ್ಪೆಯಾದದ್ದು, ಅಷ್ಟೇ ಮುಖ್ಯವಾದದ್ದು. ಕೋಶವನ್ನು ಇದ್ದ ಸ್ಥಿತಿಯಲ್ಲಿ ಹಿಡಿದು ನಿಲ್ಲಿಸಲು ಬಳಸುವ ಆಸ್ಮಿಯಂ ದ್ರಾವಣದ ಆಮ್ಲೀಯತೆ ಏರದಂತೆ ನೋಡಿಕೊಂಡರೆ ಒಳಗಿನ ರಚನೆ ಕೆಡುವುದಿಲ್ಲವೆಂದು ಅವನು 1952ರಲ್ಲಿ ತೋರಿಸಿದ. ಅದೇ ಕಾಲಕ್ಕೆ ಪೋರ್ಟರ್ ಮತ್ತು ಬ್ಲಮ್ ಅತಿ ತೆಳು ಪದರ ಕತ್ತರಿಸುವ ಯಂತ್ರ ಕಟ್ಟಿದರು. ಮೈಟೊಕಾಂಡ್ರಿಯಾದ ಒಳ ಮಡಿಕೆಗಳು, 1955ರಲ್ಲಿ ರೈಬೋಸೋಮಿನ ಕಣಗಳು ಒಂದಾದ ಮೇಲೊಂದು ಕಂಡವು. 1954ರಲ್ಲಿ ಡಾಲ್ಟನ್ ಮತ್ತು ಫೆಲಿಕ್ಸ್ ಗಾಲ್ಗಿಯನ್ನೂ ಸ್ಪಷ್ಟವಾಗಿ ತೋರಿಸಿ ಆ ಜಗಳಕ್ಕೆ ಮಂಗಳ ಹಾಡಿದರು. ಇಷ್ಟೆಲ್ಲ ಚಿತ್ರಗಳಿಗೆ ತೂಕ ಬಂದದ್ದು ಸೆಂಟ್ರಿಫ್ಯೂಜಿನಿಂದ. ಚಿತ್ರದಲ್ಲಿ ಕಂಡ ಭಾಗವನ್ನು ಒಡೆದು ಬೇರೆ ತೆಗೆದು ಅದರ ಕೆಲಸವನ್ನು ಅಳೆಯುವುದು, ಅಳೆದ ಭಾಗವನ್ನು ಮತ್ತೆ ಚಿತ್ರದಲ್ಲಿ ಗುರುತಿಸುವುದು: ಒಂದರ ಸುಳ್ಳನ್ನು ಇನ್ನೊಂದು ಹಿಡಿಯುತ್ತಿತ್ತು.

ಬೆಲ್ಜಿಯಂನ ಲೂವೆನ್‌ನಲ್ಲಿ ಕ್ರಿಸ್ಟಿಯಾನ್ ಡ ಡೂವ್ ಚಿತ್ರವನ್ನೇ ನೋಡದೆ ಒಂದು ಅಂಗವನ್ನು ಊಹಿಸಿದ. ಇಲಿಯ ಯಕೃತ್ತನ್ನು ಅರೆದು ಒಂದು ಕಿಣ್ವವನ್ನು ಅಳೆದಾಗ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಬಂತು. ಅದೇ ಮಾದರಿ ಕೆಲವು ದಿನ ಫ್ರಿಜ್ಜಿನಲ್ಲಿ ಉಳಿದಿತ್ತು. ಮತ್ತೆ ಅಳೆದರೆ ಕಿಣ್ವದ ಚಟುವಟಿಕೆ ಹಲವು ಪಟ್ಟು ಏರಿತ್ತು. ಅಳತೆ ತಪ್ಪಿದೆಯೆಂದು ಚೆಲ್ಲದೆ, ಕಿಣ್ವವು ಯಾವುದೋ ಚೀಲದೊಳಗಿದ್ದು ಚೀಲ ಒಡೆದ ಮೇಲೆ ಹೊರಬಂದಿರಬೇಕೆಂದು ಅವನು ಯೋಚಿಸಿದ. ಆ ಚೀಲವೇ ಲೈಸೋಸೋಮ್, 1955ರ ಹೆಸರು.

ಅದೇ ವರ್ಷದ ಜನವರಿಯಲ್ಲಿ ಈ ಹೊಸ ಚಿತ್ರಗಳಿಗೆಂದೇ ರಾಕ್‌ಫೆಲರಿನಿಂದ ಒಂದು ಪತ್ರಿಕೆ ಹೊರಟಿತು. 1962ರಲ್ಲಿ ಅದಕ್ಕೆ ‘ಜರ್ನಲ್ ಆಫ್ ಸೆಲ್ ಬಯಾಲಜಿ’ ಎಂದು ಹೆಸರಾಯಿತು. 1960ರಲ್ಲಿ ಅಮೆರಿಕನ್ ಸೊಸೈಟಿ ಫಾರ್ ಸೆಲ್ ಬಯಾಲಜಿ ಹುಟ್ಟಿತು. ಪತ್ರಿಕೆಗೂ ಸಂಘಕ್ಕೂ ಓಡಾಡಿದವರಲ್ಲಿ ಪೋರ್ಟರ್ ಮುಂದೆ. 1974ರ ನೊಬೆಲ್ ಕ್ಲಾಡ್, ಪಲಾಡೆ, ಡ ಡೂವ್ ಮೂವರಿಗೆ ಹೋಯಿತು. ಮೂವರಿಗಿಂತ ಹೆಚ್ಚು ಜನರಿಗೆ ಕೊಡುವಂತಿಲ್ಲ ಎಂಬ ನಿಯಮದಿಂದ ಪೋರ್ಟರ್ ಹೊರಗುಳಿದ ಎಂದು ಹಲವರು ಇಂದಿಗೂ ಕೊರಗುತ್ತಾರೆ. ಕೊರಗು ಸರಿಯಾದದ್ದೇ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಜೇಮೀಸನ್ ಮತ್ತು ಪಲಾಡೆ 1967ರಲ್ಲಿ ಗಿನಿಪಿಗ್‌ನ ಮೇದೋಜೀರಕ ಗ್ರಂಥಿಯ ಚೂರುಗಳಿಗೆ ಮೂರು ನಿಮಿಷ ವಿಕಿರಣಶೀಲ ಅಮೈನೋ ಆಮ್ಲ ಉಣಿಸಿ, ಹುಟ್ಟಿದ ಪ್ರೋಟೀನು ಯಾವ ಹೊತ್ತಿಗೆ ಎಲ್ಲಿರುತ್ತದೆಂದು ನೋಡುತ್ತ ದಾರಿಯ ನಕ್ಷೆ ಬರೆದರು. ದಾರಿ ಸಿಕ್ಕಿತು, ನಡೆಸುವವರು ಯಾರೆಂದು ಸಿಗಲಿಲ್ಲ. ಬರ್ಕ್ಲಿಯಲ್ಲಿ ರ್‍ಯಾಂಡಿ ಶೆಕ್ಮನ್ ಮತ್ತು ಅವನ ವಿದ್ಯಾರ್ಥಿ ಪೀಟರ್ ನೋವಿಕ್ ಹುದುಗಿಸುವ ಈಸ್ಟನ್ನು ಹಿಡಿದರು. ಸರಕು ಹೊರಗೆ ಕಳಿಸಲಾಗದ ಈಸ್ಟ್ ಕೋಶ ದೊಡ್ಡದಾಗದೆ ಒಳಗೇ ತುಂಬಿಕೊಂಡು ಸಾಂದ್ರವಾಗುತ್ತದೆ. ಆದ್ದರಿಂದ ಸೆಂಟ್ರಿಫ್ಯೂಜಿನಲ್ಲಿ ತಳ ಸೇರುತ್ತದೆ. ಈ ಜಾಣತನದಿಂದ ಅವರು 1980ರ ಹೊತ್ತಿಗೆ 23 ಜೀನುಗಳನ್ನು ಹೆಕ್ಕಿದರು. ಅತ್ತ ಜೇಮ್ಸ್ ರಾಥ್‌ಮನ್ ಕೋಶವನ್ನೇ ಒಡೆದು, ಟ್ಯೂಬಿನೊಳಗೆ ಗಾಲ್ಗಿಯಿಂದ ಗಾಲ್ಗಿಗೆ ಸಾಗಣೆ ನಡೆಸಿದ. ಒಡೆದ ಕೋಶದಲ್ಲಿ ನಡೆಯುವುದು ನಿಜವಾದ ಸಾಗಣೆಯೇ ಎಂದು ಮೂಗು ಮುರಿದವರು ಬಹಳ. ಕೊನೆಗೆ ರಾಥ್‌ಮನ್ ಶುದ್ಧಮಾಡಿದ ಒಂದು ಪ್ರೋಟೀನು ಶೆಕ್ಮನ್‌ನ ಪಟ್ಟಿಯಲ್ಲಿದ್ದ ಒಂದು ಜೀನಿನದೇ ರೂಪ ಎಂದು ಗೊತ್ತಾಯಿತು. ಪರಸ್ಪರ ಸಂಬಂಧವಿಲ್ಲದ ಎರಡು ದಾರಿ ಒಂದೇ ಮನೆಯ ಬಾಗಿಲಿಗೆ ಬಂದಾಗ ಅನುಮಾನ ಬಾಯಿ ಮುಚ್ಚುತ್ತದೆ. 2013ರಲ್ಲಿ ಇಬ್ಬರಿಗೂ, ಥಾಮಸ್ ಸುಡ್‌ಹೋಫ್ ಜತೆಗೆ, ನೊಬೆಲ್ ಬಂತು.

ಇಲ್ಲಿ ಸ್ವಲ್ಪ ನಿಂತು ಲ್ಯಾಬಿನ ಬದುಕಿನ ಮಾತಾಡಬೇಕು. ಹೆಸರುಗಳ ಹಿಂದೆ ದುಡಿಯುವವರು ಪಿಎಚ್.ಡಿ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು. ಮನುಷ್ಯರ ಕೋಶಗಳು 37 ಡಿಗ್ರಿಯ ಪೆಟ್ಟಿಗೆಯಲ್ಲಿ ಬೆಳೆಯುತ್ತವೆ; ಎರಡು ಮೂರು ದಿನಕ್ಕೊಮ್ಮೆ ಹೊಸ ದ್ರಾವಣ ಹಾಕಿ ಬೇರೆ ತಟ್ಟೆಗೆ ಹಂಚದಿದ್ದರೆ ಕಿಕ್ಕಿರಿದು ಸಾಯುತ್ತವೆ. ಭಾನುವಾರ ಲ್ಯಾಬಿಗೆ ಓಡುವುದು ಎಲ್ಲ ಸಲ ವಿಜ್ಞಾನದ ಹುಚ್ಚಿನಿಂದಲ್ಲ. ಹಾಗೆ ಬೆಳೆಸುವ ಕೋಶಗಳಲ್ಲಿ ಅತಿ ಪ್ರಸಿದ್ಧವಾದ ಹೀಲಾ 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗಡ್ಡೆಯಿಂದ, ಆಕೆಯ ಒಪ್ಪಿಗೆ ಕೇಳದೆ ತೆಗೆದದ್ದು. ಆಕೆ ಅದೇ ವರ್ಷ ತೀರಿಕೊಂಡಳು. ಕೋಶಗಳು ಮಾತ್ರ ಎಷ್ಟು ಹುಲುಸಾಗಿ ಬೆಳೆದವೆಂದರೆ ಪಕ್ಕದ ತಟ್ಟೆಗಳಿಗೂ ನುಗ್ಗಿದವು. ಬೇರೆ ಬೇರೆ ಮೂಲದವೆಂದು ನಂಬಿದ್ದ 18 ಕೋಶಸಾಲುಗಳು ನಿಜಕ್ಕೂ ಹೀಲಾ ಇರಬೇಕೆಂದು ಸ್ಟ್ಯಾನ್ಲಿ ಗಾರ್ಟ್ಲರ್ 1966ರ ಸಭೆಯೊಂದರಲ್ಲಿ ಹೇಳಿದಾಗ ಕೇಳಿದವರಿಗೆ ಹಿಡಿಸಲಿಲ್ಲ. ಇಲ್ಲಿ ಕೆಟ್ಟದ್ದು ಚಿತ್ರವಲ್ಲ, ಚಿತ್ರ ತೆಗೆದ ಕೋಶವೇ ಬೇರೆ!

ಅದೃಷ್ಟಕ್ಕೂ ಇಲ್ಲಿ ಜಾಗವಿದೆ. ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿ ರಾನ್ ವೇಲ್‌ಗೆ ನರತಂತುವಿನೊಳಗೆ ಸರಕು ಹೇಗೆ ಓಡುತ್ತದೆಂದು ನೋಡಲು ಸ್ಕ್ವಿಡ್ಡಿನ ದಪ್ಪ ನರ ಬೇಕಿತ್ತು. 1983ರ ಎಲ್ ನಿನೋದಿಂದ ಸಮುದ್ರ ಬಿಸಿಯಾಗಿ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸ್ಕ್ವಿಡ್ ಸಿಗದಾಯಿತು. ಅವನೂ ಮೈಕೆಲ್ ಶೀಟ್ಜ್‌ನೂ ದೇಶದ ಇನ್ನೊಂದು ತುದಿಯ ವುಡ್ಸ್ ಹೋಲ್‌ಗೆ ಹೋದರು. ಅಲ್ಲಿ ವಿಡಿಯೊ ಕ್ಯಾಮೆರಾ ಜೋಡಿಸಿದ ಮೈಕ್ರೋಸ್ಕೋಪುಗಳೂ ಅದರಲ್ಲಿ ಪಳಗಿದವರೂ ಇದ್ದರು. ನರದಿಂದ ಹಿಂಡಿ ತೆಗೆದ ರಸದಲ್ಲಿ, ಕೋಶದೊಳಗೆ ಸರಕಿಗೆ ಹಳಿಗಳಂತಿರುವ ಸೂಕ್ಷ್ಮನಾಳಗಳು ತಾವಾಗಿಯೇ ಗಾಜಿನ ಮೇಲೆ ತೆವಳಿದವು. ಅವನ್ನು ನಡೆಸುವ ಕೈನೆಸಿನ್ ಎಂಬ ಪ್ರೋಟೀನು 1985ರಲ್ಲಿ ಹೊರಬಿತ್ತು.

ಎಲ್ಲರ ಅದೃಷ್ಟ ಹಾಗಿರುವುದಿಲ್ಲ. ಜೆಲ್ಲಿ ಮೀನಿನ ಹಸಿರು ಹೊಳಪಿನ ಪ್ರೋಟೀನು ಜಿಎಫ್‌ಪಿಯ ಜೀನನ್ನು ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದವನು ಡಗ್ಲಸ್ ಪ್ರಾಶರ್. ಮುಂದುವರಿಸಲು ಹಣ ಸಿಗಲಿಲ್ಲ. ಜೀನನ್ನು ಕೇಳಿದ ಮಾರ್ಟಿನ್ ಚಾಲ್ಫಿ, ರೋಜರ್ ಚಿಯೆನ್ ಇಬ್ಬರಿಗೂ ಕಳಿಸಿಕೊಟ್ಟು ಕ್ಷೇತ್ರವನ್ನೇ ಬಿಟ್ಟ. 2008ರಲ್ಲಿ ಜಿಎಫ್‌ಪಿಗೆಂದು ಅವರಿಬ್ಬರಿಗೂ ಒಸಾಮು ಶಿಮೊಮುರಗೂ ನೊಬೆಲ್ ಘೋಷಣೆಯಾದಾಗ ಪ್ರಾಶರ್ ಅಲಬಾಮಾದಲ್ಲಿ ಕಾರು ಮಾರಾಟದ ಮಳಿಗೆಯೊಂದರ ಗಿರಾಕಿಗಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಡ್ರೈವರಾಗಿದ್ದ. ಚಾಲ್ಫಿ, ಚಿಯೆನ್ ಅವನನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು; ಮುಂದೆ ಚಿಯೆನ್ ತನ್ನ ಲ್ಯಾಬಿನಲ್ಲೇ ಕೆಲಸ ಕೊಟ್ಟ. ಒಳ್ಳೆಯತನ ದೊಡ್ಡದು ನಿಜ. ಆದರೆ ಅರ್ಜಿ ತಿರಸ್ಕರಿಸುವ ಸಮಿತಿಗೆ ಹತ್ತು ವರ್ಷದ ಮುಂದಿನದು ಕಾಣುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಜಿಎಫ್‌ಪಿ ಬಂದ ಮೇಲೆ ಕೋಶವನ್ನು ಕೊಲ್ಲದೆ ನೋಡುವುದು ಸಾಧ್ಯವಾಯಿತು. ಆಸ್ಮಿಯಂ ಬೇಡ, ಕತ್ತರಿಸುವುದೂ ಬೇಡ. ಆದರೂ ಆಬೆಯ ಗಡಿ ಹಾಗೇ ಇತ್ತು. ಎರಿಕ್ ಬೆಟ್ಸಿಗ್ ಸಂಶೋಧನೆ ಬಿಟ್ಟು ತಂದೆಯ ಯಂತ್ರೋಪಕರಣ ಕಂಪನಿಯಲ್ಲಿ ದುಡಿದು, ಮತ್ತೆ ಮರಳಿ, 2005ರಲ್ಲಿ ಗೆಳೆಯ ಹರಾಲ್ಡ್ ಹೆಸ್‌ನ ಮನೆಯ ಹಜಾರದಲ್ಲಿ ಒಂದು ಮೈಕ್ರೋಸ್ಕೋಪು ಕಟ್ಟಿದ. ಎಲ್ಲ ಅಣುಗಳೂ ಒಟ್ಟಿಗೆ ಹೊಳೆಯದೆ ಕೆಲವೇ ಕೆಲವು ಸರದಿಯಂತೆ ಹೊಳೆದರೆ, ಪ್ರತಿಯೊಂದರ ನಡುಬಿಂದುವನ್ನು ಲೆಕ್ಕಹಾಕಿ ಗಡಿ ದಾಟಬಹುದು. ಬೇರೆ ಉಪಾಯದಿಂದ ಸ್ಟೆಫಾನ್ ಹೆಲ್ ಅದಕ್ಕೂ ಮೊದಲೇ ದಾಟಿದ್ದ.

ಬೆಂಗಳೂರು ಈ ಕಥೆಯೊಳಗೆ ಬರುವುದು ಈ ಗಡಿಯ ಬಳಿಯೇ. ಒಬೈದ್ ಸಿದ್ದೀಕಿ ಕಟ್ಟಿದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರಕ್ಕೆ, ಅಂದರೆ ಎನ್‌ಸಿಬಿಎಸ್‌ಗೆ, 1990ರ ದಶಕದಲ್ಲಿ ಸತ್ಯಜಿತ್ ಮೇಯರ್ ಬಂದರು. ಕೋಶದ ಹೊರಪೊರೆಯಲ್ಲಿ ಕೊಬ್ಬು ಮತ್ತು ಕೆಲವು ಪ್ರೋಟೀನು ಸೇರಿ ತೆಪ್ಪಗಳಂತೆ ತೇಲುತ್ತವೆ ಎಂಬ ಸೈಮನ್ಸ್ ಮತ್ತು ಇಕೊನೆನ್‌ರ ಕಲ್ಪನೆ 1997ರಲ್ಲಿ ಸದ್ದು ಮಾಡಿತ್ತು. ತೆಪ್ಪಗಳು ಮೈಕ್ರೋಸ್ಕೋಪಿಗೆ ಕಾಣುತ್ತಿರಲಿಲ್ಲ; ಸಿಕ್ಕ ಸಾಕ್ಷ್ಯದಲ್ಲಿ ಬಹುಪಾಲು ತಣ್ಣನೆಯ ಸಾಬೂನಿನಂಥ ದ್ರಾವಣದಲ್ಲಿ ಕರಗದೆ ಉಳಿದ ಭಾಗ. ಆ ದ್ರಾವಣವೇ ಅವನ್ನು ಒಟ್ಟುಗೂಡಿಸಿರಬಹುದಲ್ಲ? ರಜತ್ ವರ್ಮ ಮತ್ತು ಮೇಯರ್ 1998ರಲ್ಲಿ ಜೀವಂತ ಕೋಶದಲ್ಲೇ ಬೇರೆ ಅಳತೆ ಹಿಡಿದರು. ಎರಡು ಹೊಳೆಯುವ ಅಣುಗಳು ಕೆಲವೇ ನ್ಯಾನೋಮೀಟರ್ ಹತ್ತಿರವಿದ್ದರೆ ಒಂದರ ಶಕ್ತಿ ಇನ್ನೊಂದಕ್ಕೆ ಜಿಗಿಯುತ್ತದೆ, ಬೆಳಕಿನ ಧ್ರುವೀಕರಣ ಕಡಿಮೆಯಾಗುತ್ತದೆ. ಅಣುಗಳು ಗುಂಪಾಗಿವೆಯೆಂದು ಅದು ಹೇಳಿತು. ಬೇರೆ ಪ್ರಯೋಗಾಲಯಗಳಿಂದ ವಿರುದ್ಧ ಫಲಿತಾಂಶಗಳೂ ಬಂದವು. 2004ರಲ್ಲಿ ಇದೇ ತಂಡ ಇನ್ನೂ ಹರಿತವಾಗಿ ಅಳೆದು, ಗುಂಪಿನಲ್ಲಿರುವುದು 20ರಿಂದ 40 ಶೇಕಡಾ ಅಣುಗಳು ಮಾತ್ರ, ಒಂದು ಗುಂಪಿನಲ್ಲಿ ಹೆಚ್ಚೆಂದರೆ ನಾಲ್ಕು ಎಂದಿತು. ಇದು ತೇಲುವ ತೆಪ್ಪವಲ್ಲ. ಪೊರೆಯ ಕೆಳಗಿನ ಆಕ್ಟಿನ್ ಎಳೆಗಳು ಶಕ್ತಿ ವ್ಯಯಿಸಿ ಅವನ್ನು ಕೂಡಿಸುತ್ತವೆಂಬ ಚಿತ್ರವನ್ನು ಭೌತವಿಜ್ಞಾನಿ ಮದನ್ ರಾವ್ ಜತೆ ಸೇರಿ ಅವರು ಮುಂದೆ ಬೆಳೆಸಿದರು. ನೋಡಲಾಗದ ವಸ್ತುವಿನ ಬಗ್ಗೆ ಇಷ್ಟು ಎಚ್ಚರದಿಂದ ಮಾತಾಡಿದ ಕೆಲಸ ಈ ಕ್ಷೇತ್ರದಲ್ಲಿ ಹೆಚ್ಚಿಲ್ಲ.

ಚಿತ್ರವೇ ಸಾಕ್ಷಿಯಾದ ವಿದ್ಯೆಯಲ್ಲಿ ಸಾಕ್ಷಿ ತಿರುಚುವವರೂ ಹುಟ್ಟುತ್ತಾರೆ. ಫೋಟೊಶಾಪ್ ಬಂದ ಮೇಲೆ ‘ಜರ್ನಲ್ ಆಫ್ ಸೆಲ್ ಬಯಾಲಜಿ’ 2002ರಿಂದ ಒಪ್ಪಿದ ಪ್ರಬಂಧಗಳ ಚಿತ್ರಗಳನ್ನೆಲ್ಲ ಪರಿಶೀಲಿಸತೊಡಗಿತು. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 40 ನಿಯತಕಾಲಿಕಗಳ 20,621 ಜೀವವೈದ್ಯಕೀಯ ಪ್ರಬಂಧಗಳನ್ನು ಕಣ್ಣಾರೆ ನೋಡಿ, 3.8 ಶೇಕಡಾ ಪ್ರಬಂಧಗಳಲ್ಲಿ ಒಂದೇ ಚಿತ್ರ ಎರಡು ಕಡೆ ಬಳಕೆಯಾದಂಥ ದೋಷಗಳಿವೆಯೆಂದು 2016ರಲ್ಲಿ ತಿಳಿಸಿದರು. ಕೆಲವೇ ಪತ್ರಿಕೆಗಳ ಹೆಸರಿನ ಮೇಲೆ ನೌಕರಿ ನಿಂತಿರುವವರೆಗೆ ಈ ಆಸೆ ಇಳಿಯುವುದು ಕಷ್ಟ. ಶೆಕ್ಮನ್ ತನ್ನ ನೊಬೆಲ್ ಪಡೆದ ವಾರದಲ್ಲೇ ‘ನೇಚರ್’, ‘ಸೆಲ್’, ‘ಸೈನ್ಸ್’ ಪತ್ರಿಕೆಗಳಿಗೆ ಇನ್ನು ಬರೆಯುವುದಿಲ್ಲವೆಂದು ಸಾರಿದ. ಮೊದಲು ಅಲ್ಲಿ ಬರೆದೇ ಮೇಲೆ ಬಂದವನು ಎಂದು ಕೆಲವರು ಚುಚ್ಚಿದರು, ಅದೂ ಸುಳ್ಳಲ್ಲ.

ಈಗಿನ ಜಗಳ ಹನಿಗಳ ಮೇಲೆ. 2009ರಲ್ಲಿ ಬ್ರಾಂಗ್ವಿನ್, ಹೈಮನ್ ಮತ್ತವರ ಸಂಗಡಿಗರು ಒಂದು ಬಗೆಯ ಹುಳುವಿನ ಭ್ರೂಣದಲ್ಲಿ, ಪೊರೆಯೇ ಇಲ್ಲದ ಕೆಲವು ಕಣಗಳು ದ್ರವದ ಹನಿಗಳಂತೆ ಕೂಡುತ್ತವೆ, ಹರಿಯುತ್ತವೆ ಎಂದು ತೋರಿಸಿದರು. ಆಮೇಲೆ ಎಲ್ಲೆಲ್ಲೂ ಹನಿಗಳೇ. ಇವುಗಳಲ್ಲಿ ಹಲವು, ಪ್ರೋಟೀನನ್ನು ಕೋಶದಲ್ಲಿ ಸಹಜಕ್ಕಿಂತ ಹೆಚ್ಚು ತಯಾರಿಸಿದಾಗ ಅಥವಾ ಟ್ಯೂಬಿನಲ್ಲಿ ಗಟ್ಟಿಯಾಗಿ ಕಲಸಿದಾಗ ಕಂಡಂಥವು. ಹನಿಯೆಂದು ಹೇಳಲು ಯಾವ ಪುರಾವೆ ಸಾಕು, ಯಾವುದು ಸಾಲದು ಎಂದು ರಾಬರ್ಟ್ ಜಿಯಾನ್, ಝೇವಿಯರ್ ಡಾರ್ಜಾಕ್ ಮತ್ತು ಸಂಗಡಿಗರು 2019ರಲ್ಲಿ ಉದ್ದನೆಯ ವಿಮರ್ಶೆ ಬರೆದರು. ಹನಿ ಕರಗಿಸಲು ಎಲ್ಲರೂ ಬಳಸುವ ಹೆಕ್ಸೇನ್‌ಡಯಾಲ್ ಎಂಬ ಆಲ್ಕೋಹಾಲು ಕೋಶದ ಬೇರೆ ಭಾಗಗಳನ್ನೂ ಕೆಡಿಸುತ್ತದೆ. ಆದ್ದರಿಂದ ಈಗ ಎಚ್ಚರವುಳ್ಳ ಲ್ಯಾಬುಗಳು ಜೀನನ್ನು ಅದರ ಸ್ವಂತ ಜಾಗದಲ್ಲೇ ತಿದ್ದಿ, ಪ್ರೋಟೀನು ಕೋಶದಲ್ಲಿ ಇರಬೇಕಾದಷ್ಟೇ ಇರುವಂತೆ ಮಾಡಿ, ಹನಿ ಆಗಲೂ ಕಾಣುತ್ತದೆಯೇ ಎಂದು ನೋಡುತ್ತವೆ. ಕೆಲವು ಕಾಣುತ್ತವೆ, ಕೆಲವು ಕಾಣುವುದಿಲ್ಲ.