ಚನ್ನಪಟ್ಟಣದ ಜಗದೇವರಾಯ: ಐತಿಹ್ಯದ ವೀರನೂ ಚರಿತ್ರೆಯ ದಳಪತಿಯೂ

ಕ್ರಿ.ಶ. 1565ರ ರಕ್ಕಸತಂಗಡಿಯ ಯುದ್ಧದ ಅನಂತರದ ನೂರು ವರ್ಷಗಳು ಕನ್ನಡನಾಡಿನಲ್ಲಿ ವೀರಕಥೆಗಳು ಹುಲುಸಾಗಿ ಬೆಳೆದ ಕಾಲ. ಸಾರ್ವಭೌಮರ ಹಿಡಿತ ಸಡಿಲವಾದಂತೆಲ್ಲ ಸೀಮೆಗೊಬ್ಬ ದೊರೆ, ದೊರೆಗೊಂದು ಕೋಟೆ, ಕೋಟೆಗೊಂದು ಕಥೆ ಹುಟ್ಟಿಕೊಂಡುದು ಸಹಜವೇ ಆಗಿದೆ. ಇಂದು ಬಣ್ಣದ ಬೊಂಬೆಗಳ ಊರೆಂದು ಹೆಸರಾಗಿರುವ ಚನ್ನಪಟ್ಟಣಕ್ಕೂ ಇಂಥ ಒಬ್ಬ ವೀರರಾಜನುಂಟು. ಅವನೇ ರಾಣಾ ಜಗದೇವರಾಯ. ಇವನನ್ನು ಕುರಿತು ಸಾಮಾನ್ಯವಾಗಿ ಪ್ರಚಾರದಲ್ಲಿರುವ ವೃತ್ತಾಂತವನ್ನು ಎತ್ತಿಕೊಂಡು, ಅದರಲ್ಲಿ ಕಲ್ಪನೆಯ ಪಾಲೆಷ್ಟು, ಚರಿತ್ರೆಯ ಪಾಲೆಷ್ಟು ಎಂಬುದನ್ನು ಪ್ರಕೃತ ಪ್ರಬಂಧದಲ್ಲಿ ನಾವು ಪರಿಶೀಲಿಸಲು ಯತ್ನಿಸಿದ್ದೇವೆ.

ಪ್ರಚಾರದಲ್ಲಿರುವ ವೃತ್ತಾಂತವು ಹೀಗಿದೆ. 1577ರಲ್ಲಿ ಬಿಜಾಪುರದ ಸೈನ್ಯವು ವಿಜಯನಗರದ ಅರಸರ ಹೊಸ ರಾಜಧಾನಿಯಾದ ಪೆನುಗೊಂಡೆಯನ್ನು ಮುತ್ತಿದಾಗ, ತೆಲುಗು ಬಣಜಿಗ ವಂಶದ ಜಗದೇವರಾಯನು ಅಸಾಧಾರಣ ಪರಾಕ್ರಮದಿಂದ ಕೋಟೆಯನ್ನು ಉಳಿಸಿದನು. ಮೆಚ್ಚಿದ ರಾಯರು ಅವನಿಗೆ ಪೂರ್ವದಲ್ಲಿ ಬಾರಾಮಹಲಿನಿಂದ ಹಿಡಿದು ಪಶ್ಚಿಮದಲ್ಲಿ ಘಟ್ಟದವರೆಗೆ ಒಂಬತ್ತು ಲಕ್ಷ ವರಹ ಹುಟ್ಟುವಳಿಯ ಸೀಮೆಯನ್ನು ಉಂಬಳಿಯಾಗಿ ಕೊಟ್ಟರು. ಅವನು ಚನ್ನಪಟ್ಟಣವನ್ನು ರಾಜಧಾನಿಯಾಗಿ ಮಾಡಿಕೊಂಡು 1580ರಲ್ಲಿ ಕೋಟೆಯನ್ನು ಕಟ್ಟಿಸಿದನು. ಲೂಯಿಸ್ ರೈಸ್ ಮಹಾಶಯರ ಗೆಜೆಟಿಯರಿನ ಮೂಲಕ ಈ ವೃತ್ತಾಂತವು ಪಠ್ಯಪುಸ್ತಕಗಳಿಗೂ ಊರಿನ ಇತಿಹಾಸಗಳಿಗೂ ಇಳಿದು ಬಂದಿದೆ. ಓದಲು ಇದು ಸೊಗಸಾಗಿದೆ. ಆದರೆ ಒಬ್ಬನೇ ವೀರ, ಒಂದೇ ಕಾಳಗ, ಒಂದೇ ದಾನ, ಒಂದು ವಿಸ್ತಾರವಾದ ರಾಜ್ಯ ಎಂಬ ಈ ಜೋಡಣೆಯು ಕಾವ್ಯದ ಜೋಡಣೆಯೇ ಹೊರತು ರಾಜಕೀಯದ ಜೋಡಣೆಯಲ್ಲ.

ಮೊದಲನೆಯದಾಗಿ ಹೆಸರಿನ ತೊಡಕನ್ನು ಬಿಡಿಸಬೇಕು. ಆ ಕಾಲದ ಆಕರಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಹೆಸರುಳ್ಳ ಮೂವರು ಕಾಣಿಸಿಕೊಳ್ಳುತ್ತಾರೆ. ಗೋಲ್ಕೊಂಡದ ಆಸ್ಥಾನದಲ್ಲಿ ಪ್ರಬಲನಾಗಿದ್ದು, 1550ರಲ್ಲಿ ಇಬ್ರಾಹಿಂ ಕುತುಬ್ ಷಹನು ಪಟ್ಟಕ್ಕೆ ಬರಲು ನೆರವಾಗಿ, ಬಳಿಕ ಅವನೊಡನೆ ವಿರಸಗೊಂಡು ಕಡೆಗೆ ವಿಜಯನಗರದ ರಾಮರಾಯನ ಆಶ್ರಯಕ್ಕೆ ಬಂದ ಜಗದೇವರಾವ್ ಒಬ್ಬನು. ಪೆನುಗೊಂಡೆಯ ಜಗದೇವರಾಯನು ಎರಡನೆಯವನು. ಇಮ್ಮಡಿ ವೆಂಕಟಪತಿರಾಯನು 1614ರಲ್ಲಿ ತೀರಿಕೊಂಡ ಮೇಲೆ, ಪಟ್ಟಕ್ಕೆ ಬಂದ ಶ್ರೀರಂಗನನ್ನೂ ಅವನ ಕುಟುಂಬವನ್ನೂ ಕೊಲ್ಲಿಸಿ, ಕೆಲವು ವರ್ಷಗಳಲ್ಲಿಯೇ ತೋಪೂರಿನ ಯುದ್ಧದಲ್ಲಿ ತಾನೂ ಮಡಿದ ಗೊಬ್ಬೂರಿ ಜಗ್ಗರಾಯನು ಮೂರನೆಯವನು. ಈ ಕಡೆಯವನು ವೆಂಕಟಪತಿಯ ರಾಣಿಯೊಬ್ಬಳ ಬಂಧು. ಚನ್ನಪಟ್ಟಣದ ಮನೆತನಕ್ಕೂ ಅವನಿಗೂ ಸಂಬಂಧವಿಲ್ಲ. ಮೂವರನ್ನೂ ಒಬ್ಬನೆಂದು ಭಾವಿಸಿದ ಪಕ್ಷದಲ್ಲಿ, 1550ರಲ್ಲಿ ರಾಜನನ್ನು ಪಟ್ಟಕ್ಕೇರಿಸಿ ಸುಮಾರು ತೊಂಬತ್ತೈದರ ಪ್ರಾಯದಲ್ಲಿ ಕಾವೇರಿಯ ತೀರದಲ್ಲಿ ಕತ್ತಿ ಹಿಡಿದ ಒಬ್ಬ ಅಮಾನುಷ ವೀರನು ನಮಗೆ ದೊರೆಯುತ್ತಾನೆ! ಮೊದಲಿನ ಇಬ್ಬರ ವಿಷಯವು ಅಷ್ಟು ಸುಲಭವಲ್ಲ. ಗೋಲ್ಕೊಂಡದ ಜಗದೇವರಾವನೇ ಮುಂದೆ ಪೆನುಗೊಂಡೆಯ ರಕ್ಷಕನಾದನೆಂದು ಬಗೆದವರುಂಟು. ಆದರೆ 1550ರಲ್ಲಿ ಅವನಿಗೆ ಮೂವತ್ತರ ಪ್ರಾಯವೆಂದು ಹಿಡಿದರೂ, ಮುಂದೆ ನಾವು ಚರ್ಚಿಸಲಿರುವ 1589ರ ಮುತ್ತಿಗೆಯ ವೇಳೆಗೆ ಎಪ್ಪತ್ತರ ಹತ್ತಿರ ಬಂದಿರಬೇಕು. ಇದು ಅಸಂಭವವೆನ್ನಲಾಗದು. ಆದರೆ ಹೆಸರಿನ ಸಾಮ್ಯವೊಂದನ್ನೇ ಆಧಾರವಾಗಿಟ್ಟುಕೊಂಡು ಇಬ್ಬರನ್ನು ಒಂದಾಗಿಸುವುದಕ್ಕಿಂತ ಬೇರೆಬೇರೆಯಾಗಿ ಇರಗೊಡುವುದೇ ವಿವೇಕವೆಂದು ನಮ್ಮ ಅಭಿಮತ.

ಇನ್ನು ಪರಾಕ್ರಮದ ವಿಷಯ. 1577ರ ಮುತ್ತಿಗೆಯ ಕಾಲದಲ್ಲಿ ಪೆನುಗೊಂಡೆಯ ರಕ್ಷಣೆಯ ಕೀರ್ತಿಯನ್ನು ಸವರಂ ಚೆನ್ನಪ್ಪ ನಾಯಕನೆಂಬ ದಳಪತಿಗೆ ಸಲ್ಲಿಸುವ ಇತಿಹಾಸಕಾರರಿದ್ದಾರೆ. ಹೆರಾಸ್ ಪಾದ್ರಿಗಳು ತಮ್ಮ ಅರವೀಡು ವಂಶದ ಚರಿತ್ರೆಯಲ್ಲಿ ಈತನನ್ನು ಮುಂದಿಡುತ್ತಾರೆ. ಒಂದು ಮುತ್ತಿಗೆಯಲ್ಲಿ ಒಬ್ಬನೇ ನಾಯಕನಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ. ಅದೇನೇ ಇರಲಿ, ಜಗದೇವರಾಯನನ್ನು ನಾವು ಹೆಚ್ಚು ಸ್ಪಷ್ಟವಾಗಿ ಕಾಣುವುದು ಅವನ ಮಿತ್ರರ ಬರಹದಲ್ಲಲ್ಲ, ಶತ್ರುಗಳ ಬರಹದಲ್ಲಿ. ಬ್ರಿಗ್ಸ್‌ನು 1829ರಲ್ಲಿ ಪ್ರಕಟಿಸಿದ ಫೆರಿಸ್ತಾನ ಭಾಷಾಂತರಕ್ಕೆ ಸೇರಿಸಿರುವ ಗೋಲ್ಕೊಂಡದ ಚರಿತ್ರೆಯಲ್ಲಿ 1589ರ ಮುತ್ತಿಗೆಯ ವರ್ಣನೆಯಿದೆ. ಮಹಮ್ಮದ್ ಕುಲಿ ಕುತುಬ್ ಷಹನು ಪೆನುಗೊಂಡೆಯ ಮೇಲೆ ಬಂದಾಗ ವೆಂಕಟಪತಿಯು ಸಂಧಿಯ ಮಾತನ್ನೆತ್ತಿದನು. ಸುಲ್ತಾನನು ನಂಬಿ ಸೈನ್ಯವನ್ನು ಹಿಂದೆಗೆದನು. ಆ ಮೂರು ದಿನಗಳ ಬಿಡುವಿನಲ್ಲಿ ಕೋಟೆಯೊಳಕ್ಕೆ ದವಸಧಾನ್ಯವು ಯಥೇಚ್ಛವಾಗಿ ಸೇರಿತು. ನಾಲ್ಕನೆಯ ದಿನ ಜಗದೇವರಾಯನು ಇತರ ಕೆಲವು ದಳಪತಿಗಳೊಡನೆ ಮೂವತ್ತು ಸಾವಿರ ಕೋವಿಕಾರರನ್ನು ಕೂಡಿಕೊಂಡು ಒಳಹೊಕ್ಕನು. ಮೋಸಹೋದುದನ್ನರಿತ ಸುಲ್ತಾನನು ಮತ್ತೆ ಮುತ್ತಿದರೂ ಮಳೆಗಾಲವು ಸಮೀಪಿಸಿದುದರಿಂದ, ಕೃಷ್ಣಾನದಿಯು ತುಂಬಿದರೆ ಹಿಂದಿನ ದಾರಿ ಕಡಿದುಹೋಗುವುದೆಂದು ಹಿಂದಿರುಗಬೇಕಾಯಿತು.

ಮೂವತ್ತು ಸಾವಿರವೆಂಬ ಸಂಖ್ಯೆಯನ್ನು ನಾವು ಅಕ್ಷರಶಃ ಒಪ್ಪಬೇಕಾಗಿಲ್ಲ. ಗೆಲ್ಲಲಾಗದೆ ಹಿಂದಿರುಗಿದ ಪಕ್ಷದ ಲೇಖಕನು ಎದುರಾಳಿಯ ಬಲವನ್ನು ಹಿಗ್ಗಿಸುವುದು ಎಲ್ಲ ದೇಶಗಳ ಚರಿತ್ರೆಗಳಲ್ಲಿಯೂ ಇದ್ದದ್ದೇ. ನಮ್ಮ ಗಮನವನ್ನು ಸೆಳೆಯುವುದು ಆ ನಾಲ್ಕು ದಿನಗಳು. ಚನ್ನಪಟ್ಟಣದಿಂದ ಬೆಂಗಳೂರಿನ ಮಾರ್ಗವಾಗಿ ಪೆನುಗೊಂಡೆಗೆ ಸುಮಾರು 200 ಕಿಲೋಮೀಟರು ದೂರ. ಎತ್ತುಗಳ ಮೇಲೆ ಸಾಮಗ್ರಿ ಹೇರಿಕೊಂಡು ಸಾಗುವ ಕಾಲಾಳುಗಳ ದಂಡು ದಿನಕ್ಕೆ 15 ಅಥವಾ 20 ಕಿಲೋಮೀಟರಿಗಿಂತ ಹೆಚ್ಚು ನಡೆಯಲಾರದು. ಅಂದರೆ ಹತ್ತು ದಿನಗಳಿಗೆ ಕಡಮೆಯಿಲ್ಲ. ಆದಕಾರಣ ಅವನ ದಂಡು ಸ್ವಂತ ಸೀಮೆಯಿಂದ ಬಂದುದಾದರೆ, ಸಂಧಿಯ ಪ್ರಸ್ತಾಪ ಹೊರಡುವುದಕ್ಕೆ ಮುಂಚೆಯೇ ಅದು ದಾರಿಯಲ್ಲಿದ್ದಿರಬೇಕು. ಇಲ್ಲವೇ ಸಮೀಪದಲ್ಲೆಲ್ಲೋ ಹೊಂಚಿ ನಿಂತಿದ್ದಿರಬೇಕು. ಧಾನ್ಯದ ವಿಷಯವೂ ಹೀಗೆಯೇ. ಮೂರು ದಿನಗಳಲ್ಲಿ ಕೋಟೆಯನ್ನು ತುಂಬಬೇಕಾದರೆ ಅದನ್ನು ಮೊದಲೇ ಶೇಖರಿಸಿ ಹತ್ತಿರದಲ್ಲಿರಿಸಿರಬೇಕು. ಸಂಧಿಯ ಮಾತು, ಎತ್ತುಗಳ ಹಿಂಡು, ಕೋವಿಕಾರರ ದಂಡು ಈ ಮೂರೂ ಒಂದೇ ಯೋಜನೆಯ ಅಂಗಗಳಾಗಿದ್ದುವೆಂದು ನಾವು ಊಹಿಸುತ್ತೇವೆ. ಕೋಟೆಯ ಬಾಗಿಲಲ್ಲಿ ನಿಂತು ಒಂಟಿಯಾಗಿ ಹೋರಾಡಿದ ಐತಿಹ್ಯದ ವೀರನಿಗಿಂತ, ದಿನ ತಪ್ಪದಂತೆ ದಂಡನ್ನು ತಂದು ಸೇರಿಸಿದ ಈ ದಳಪತಿಯೇ ದೊಡ್ಡವನೆಂದು ನಮಗೆ ತೋರುತ್ತದೆ. ಆದರೆ ಎತ್ತಿನ ಹೇರಿನ ಮೇಲೆ ಲಾವಣಿ ಕಟ್ಟುವವರು ವಿರಳ.

ಬಹುಮಾನದ ಮಾತನ್ನೂ ತೂಗಿ ನೋಡಬೇಕು. ಒಂಬತ್ತು ಲಕ್ಷ ವರಹವೆಂಬ ಮೊತ್ತವನ್ನು ಅನೇಕರು ಯಾವ ವಿಮರ್ಶೆಯೂ ಇಲ್ಲದೆ ಉದ್ಧರಿಸುತ್ತಾರೆ. 1799ರ ಒಪ್ಪಂದದಲ್ಲಿ ಮೈಸೂರಿನ ಅರಸರಿಗೆ ಹಿಂದಿರುಗಿಸಿದ ಇಡೀ ರಾಜ್ಯದ ಹುಟ್ಟುವಳಿಯನ್ನು ಸುಮಾರು 13 ಲಕ್ಷ 74 ಸಾವಿರ ಕಂಠೀರಾಯಿ ವರಹಗಳೆಂದು ಲೆಕ್ಕಮಾಡಲಾಗಿತ್ತು. ವರಹದ ಬೆಲೆಯು ಕಾಲದಿಂದ ಕಾಲಕ್ಕೆ ಬೇರೆಯಾದುದರಿಂದ ಈ ಹೋಲಿಕೆಯು ಕರಾರುವಾಕ್ಕಾದುದಲ್ಲ. ಜಗದೇವರಾಯನ ಸೀಮೆಯು ಘಟ್ಟದ ಕೆಳಗೂ ಹಬ್ಬಿತ್ತೆಂಬುದನ್ನೂ ಮರೆಯಲಾಗದು. ಆದರೂ ಒಬ್ಬ ಪಾಳೆಯಗಾರನ ಆದಾಯವು ಎರಡು ಶತಮಾನಗಳ ಅನಂತರದ ಒಂದು ರಾಜ್ಯದ ಆದಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಿತ್ತೆಂಬುದು ನಂಬಲು ಕಷ್ಟ. ಕುಸಿಯುತ್ತಿದ್ದ ಸಾಮ್ರಾಜ್ಯದ ಅರಸನು ದಾನಮಾಡಿದುದು ಕೈಯಲ್ಲಿದ್ದ ಹಣವಲ್ಲ. ಶಕ್ತಿಯಿದ್ದಲ್ಲಿ ವಸೂಲು ಮಾಡಿಕೊಳ್ಳಬಹುದಾದ ಹಕ್ಕು. ಕಾಗದದ ಮೇಲಿನ ಆ ಮೊತ್ತವನ್ನೇ ಮುಂದಿನವರು ಬೊಕ್ಕಸದ ಮೊತ್ತವೆಂದು ಭ್ರಮಿಸಿದ್ದಾರೆ.

ಬಾರಾಮಹಲಿನಲ್ಲಿ, ಅಂದರೆ ಇಂದಿನ ತಮಿಳುನಾಡಿನ ಕೃಷ್ಣಗಿರಿಯ ಪ್ರಾಂತದಲ್ಲಿ, ಅವನ ಹೆಸರು ಜಗದೇವಿ ಎಂಬ ಊರಿನಲ್ಲಿ ಉಳಿದಿದೆಯೆಂದು ಐತಿಹ್ಯ. ಹನ್ನೆರಡು ಕೋಟೆಗಳಿದ್ದುದರಿಂದ ಬಾರಾಮಹಲ್ ಎಂಬ ಹೆಸರು ಬಂದಿತೆನ್ನುತ್ತಾರೆ. ಆದರೆ ಕೋಟೆಗಳ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ. ‘ಬಾರಾ’ ಎಂಬುದು ಹಿಂದೂಸ್ಥಾನಿಯ ಮಾತಾದುದರಿಂದ ಈ ಹೆಸರು ರಾಯರ ಕಾಲದ್ದಾಗಿರದೆ ತರುವಾಯದ್ದಾಗಿರುವುದೇ ಹೆಚ್ಚು ಸಂಭವ.

ಚನ್ನಪಟ್ಟಣವನ್ನೇ ಅವನು ಆರಿಸಿಕೊಂಡುದರಲ್ಲಿಯೂ ದಳಪತಿಯ ಬುದ್ಧಿಯೇ ಕಾಣುತ್ತದೆ. ಶ್ರೀರಂಗಪಟ್ಟಣಕ್ಕೂ ಬೆಂಗಳೂರಿಗೂ ನಡುವಿನ ಹೆದ್ದಾರಿಯ ಮೇಲೆ, ರಾಮನಗರದ ಕಲ್ಲುಬೆಟ್ಟಗಳು ಮುಗಿದು ಪಶ್ಚಿಮದ ಬಯಲು ತೆರೆದುಕೊಳ್ಳುವ ಸ್ಥಳವದು. 1759ರಲ್ಲಿ ಗೋಪಾಲಹರಿಯ ಮರಾಠಾ ದಂಡು ಚನ್ನಪಟ್ಟಣವನ್ನು ಹಿಡಿದಾಗ, ಹೈದರನು ತನ್ನ ಬಲವನ್ನೆಲ್ಲ ತಂದು ಅದರ ಎದುರಿಗೆ ನಿಲ್ಲಿಸಬೇಕಾಗಿ ಬಂದುದು ಇದೇ ಕಾರಣದಿಂದ. ಆದರೆ ದಾರಿಯು ಎರಡು ಕಡೆಗೂ ದಾರಿಯೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ದಿನದಿಂದ ಚನ್ನಪಟ್ಟಣದ ಪಶ್ಚಿಮದ ಬಾಗಿಲು ಭದ್ರವಾಗಿ ಉಳಿಯಲಿಲ್ಲ. ಪೆನುಗೊಂಡೆಯಿಂದ ಚಂದ್ರಗಿರಿಗೂ ವೇಲೂರಿಗೂ ಸರಿದುಹೋದ ರಾಯರಿಂದ ನೆರವು ಬರುವಂತಿರಲಿಲ್ಲ. 1614ರ ಅಂತಃಕಲಹದ ಬಳಿಕ ನೆರವು ಕೇಳಲು ಸ್ಥಿರವಾದ ಸಿಂಹಾಸನವೇ ಇರಲಿಲ್ಲ. 1630ರಲ್ಲಿ ಚಾಮರಾಜ ಒಡೆಯರು ಚನ್ನಪಟ್ಟಣವನ್ನು ಗೆದ್ದುಕೊಂಡರು. ಕೋಟೆ ಕಟ್ಟಿ ಆಗ ಐವತ್ತು ವರ್ಷಗಳಾಗಿದ್ದುವು.

ಈ ಮನೆತನದ ವಂಶಕ್ರಮವನ್ನು ಶೋಧಿಸಬಯಸುವ ವಿದ್ಯಾರ್ಥಿಗಳು, ಗೆಜೆಟಿಯರನ್ನು ಬದಿಗಿರಿಸಿ, 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ಣಾಟಿಕದ ಒಂಬತ್ತನೆಯ ಸಂಪುಟದಲ್ಲಿರುವ ಚನ್ನಪಟ್ಟಣ ತಾಲ್ಲೂಕಿನ ಶಾಸನಗಳಿಂದ ತೊಡಗುವುದು ಲೇಸು. ಜಗದೇವ, ಜಗ್ಗ ಎಂಬ ಹೆಸರು ಬಂದೆಡೆಯಲ್ಲೆಲ್ಲ ವರ್ಷವನ್ನೂ ದಾನಗೊಟ್ಟ ಊರನ್ನೂ ಮೊದಲು ಗುರುತುಮಾಡಿಕೊಂಡು, ಆಮೇಲೆ ಬಿರುದುಗಳತ್ತ ನೋಡಬೇಕು.