ಭೂಮಿ ‘ಹೋದ’ ಕತೆ: ಪಿ.ಟಿ.ಸಿ.ಎಲ್. ಕಾಯ್ದೆ ಮತ್ತು ‘ತಡ’ದ ಪ್ರಶ್ನೆ

ನಮ್ಮ ಕೇರಿಗಳಲ್ಲಿ ಸರ್ಕಾರ ಕೊಟ್ಟ ಜಮೀನಿನ ಬಗ್ಗೆ ಕೇಳಿದರೆ ‘ಮಾರಿದ್ವಿ’ ಎನ್ನುವವರು ಕಡಿಮೆ. ‘ಹೋಯ್ತು’ ಎನ್ನುತ್ತಾರೆ. ಅಪ್ಪನ ಕಾಲಕ್ಕೇ ಹೋಯ್ತು, ಮದುವೆ ಸಾಲಕ್ಕೆ ಹೋಯ್ತು, ಗೌಡರ ಕೈಗೆ ಹೋಯ್ತು. ಮಾರಿದ್ವಿ ಎನ್ನಬೇಕಾದರೆ ಬೆಲೆ ಹೇಳುವ, ಬೇಡ ಎಂದರೆ ಬೇಡ ಎನ್ನುವ ತಾಕತ್ತು ಇರಬೇಕು. ಕ್ರಯಪತ್ರದಲ್ಲೇನೋ ಸ್ವಸಂತೋಷದಿಂದ ಬರೆಸಿಕೊಟ್ಟದ್ದು ಅಂತ ಇರುತ್ತದೆ. ಕೆಳಗೆ ಹೆಬ್ಬೆಟ್ಟು. ದಲಿತ ವಿಮರ್ಶೆ ಕತೆ ಕಾವ್ಯಗಳನ್ನು ಓದಿದಷ್ಟೇ ಎಚ್ಚರದಿಂದ ಈ ಕ್ರಯಪತ್ರವನ್ನೂ, ಕಾಯ್ದೆಯನ್ನೂ, ತೀರ್ಪನ್ನೂ ಓದಬೇಕಾಗಿದೆ. ನಮ್ಮ ಚರಿತ್ರೆಯ ದೊಡ್ಡ ಪಾಲು ದಾಖಲಾಗಿರುವುದು ಅಲ್ಲೇ, ಅದೂ ಬೇರೆಯವರ ಕೈಬರಹದಲ್ಲಿ.

ಅಸ್ಪೃಶ್ಯ ಜಾತಿಗಳಿಗೆ ದರಖಾಸ್ತಿನ ಮೇಲೆ ಜಮೀನು ಮಂಜೂರು ಮಾಡುವ ಪದ್ಧತಿ ಮೈಸೂರು ಸಂಸ್ಥಾನದ ಕಾಲದಿಂದಲೂ ಇತ್ತು. ಸಾಗುವಳಿ ಚೀಟಿಯಲ್ಲಿ ಒಂದು ಷರತ್ತು ಇರುತ್ತಿತ್ತು: ಪರಭಾರೆ ಮಾಡಕೂಡದು. ಕೆಲವು ಕಾಲದ ನಿಯಮಗಳಲ್ಲಿ ಈ ನಿಷೇಧ ಶಾಶ್ವತ, ಕೆಲವು ಕಾಲದಲ್ಲಿ ಇಂತಿಷ್ಟು ವರ್ಷ. 1969ರ ಭೂಮಂಜೂರಾತಿ ನಿಯಮಗಳಲ್ಲಿ ಅದು 15 ವರ್ಷ. ಆದರೂ ಜಮೀನು ಕೈ ಬಿಟ್ಟು ಹೋಗುತ್ತಲೇ ಇತ್ತು. ಷರತ್ತು ಹಾಕಿದ್ದು ಸರ್ಕಾರ, ಷರತ್ತು ಮುರಿದ ಪತ್ರವನ್ನು ನೋಂದಣಿ ಮಾಡಿದ್ದು ಸರ್ಕಾರದ ಕಚೇರಿ, ಪಹಣಿಯಲ್ಲಿ ಹೆಸರು ಬದಲಾಯಿಸಿದ್ದೂ ಸರ್ಕಾರದ ನೌಕರನೇ. ಈ ಮಾತನ್ನು ಮುಂದೆ ನೆನಪಿಟ್ಟುಕೊಳ್ಳಬೇಕು.

ದೇವರಾಜ ಅರಸು ಅವರ ಸರ್ಕಾರ 1978ರಲ್ಲಿ ತಂದ ಕಾಯ್ದೆ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ, 1979ರ ಜನವರಿ 1ರಿಂದ ಜಾರಿಗೆ ಬಂತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನು ಷರತ್ತು ಮುರಿದು ಪರಭಾರೆಯಾಗಿದ್ದರೆ, ಕಾಯ್ದೆಗಿಂತ ಮೊದಲೇ ಆಗಿರಲಿ ಆಮೇಲೆ ಆಗಿರಲಿ, ಅದು ಅಸಿಂಧು. ಇನ್ನು ಮುಂದೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಇಲ್ಲ. ಕಾಯ್ದೆಯ ಪ್ರಕಾರ ಪರಭಾರೆ ಎಂದರೆ ಬರೀ ಕ್ರಯ ಅಲ್ಲ. ದಾನ, ಅದಲುಬದಲು, ಅಡಮಾನ, ಗುತ್ತಿಗೆ, ಕ್ರಯದ ಕರಾರು ಎಲ್ಲವೂ ಅದರೊಳಗೆ ಬರುತ್ತವೆ. ಅಂದರೆ ಕೇರಿಯ ‘ಹೋಯ್ತು’ ಎಂಬ ಮಾತಿನ ಅರ್ಥ ಕಾನೂನಿಗೆ ಒಮ್ಮೆಯಾದರೂ ತಿಳಿದಿತ್ತು.

ಐದನೆಯ ಕಲಮು ಇನ್ನೂ ಮುಖ್ಯ. ಜಮೀನು ಬಿಡಿಸಿಕೊಡುವ ಹೊಣೆ ಅದು ಉಪವಿಭಾಗಾಧಿಕಾರಿಗೆ ಕೊಟ್ಟಿತು. ಹಿತಾಸಕ್ತಿ ಇರುವವರು ಅರ್ಜಿ ಹಾಕಿದರೆ ಸರಿ, ಯಾರೇ ಆಗಲಿ ಬರವಣಿಗೆಯಲ್ಲಿ ಮಾಹಿತಿ ಕೊಟ್ಟರೂ ಸರಿ, ಯಾರೂ ಬಾರದಿದ್ದರೆ ಅಧಿಕಾರಿ ತಾನಾಗಿಯೇ ಎದ್ದು ವಿಚಾರಣೆ ನಡೆಸಬಹುದು. ಮಂಜೂರುದಾರನೋ ಅವನ ವಾರಸುದಾರನೋ ಅಲ್ಲದೆ ಬೇರೆಯವನ ಸ್ವಾಧೀನದಲ್ಲಿ ಜಮೀನು ಇದ್ದರೆ ಅದು ಅಸಿಂಧು ಪರಭಾರೆಯಿಂದ ಬಂದದ್ದೆಂದೇ ಭಾವಿಸಬೇಕು. ಹಾಗಲ್ಲವೆಂದು ರುಜುವಾತು ಮಾಡಬೇಕಾದವನು ಸ್ವಾಧೀನದಲ್ಲಿರುವವನು. ಸಾಕ್ಷಿ ಹುಡುಕಿಕೊಂಡು ಅಲೆಯುವ ಕೆಲಸ ಎಂದೂ ಬಡವನದೇ ಆಗಿದ್ದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಂತ ಈ ಕಾಯ್ದೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ‘ಮಂಜೂರಾದ ಜಮೀನು’ ಎಂಬುದರ ವ್ಯಾಖ್ಯೆಯಲ್ಲಿ ಇನಾಂ ರದ್ದತಿ ಕಾನೂನುಗಳಡಿ ಬಂದ ಜಮೀನೂ ಸೇರುತ್ತದೆ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ್ದು ಮಾತ್ರ ಹೊರಗೆ. ತೋಟಿ, ತಳವಾರಿಕೆ ಮಾಡಿದ್ದಕ್ಕೆ ಬಂದ ಜಮೀನು ಆ ಬಗೆಯದು. ಊರಿನ ಬಿಟ್ಟಿ ಚಾಕರಿಗೆ ಪ್ರತಿಯಾಗಿ ದಲಿತರಿಗೆ ಪೀಳಿಗೆಗಳಿಂದ ಇದ್ದ ತುಂಡು ಭೂಮಿ ಅದು. ಈ ಭೂಮಿಯೇ ಗುಲಾಮಗಿರಿಯ ಹಗ್ಗ ಎಂಬುದನ್ನು ಅಂಬೇಡ್ಕರ್ 1928ರಲ್ಲೇ ಗುರುತಿಸಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಹಾರ್ ವತನ್ ಕುರಿತು ತಿದ್ದುಪಡಿ ಮಸೂದೆ ಮಂಡಿಸಿದ್ದರು. ಬೆಳಗಾವಿ, ಬಿಜಾಪುರ, ಧಾರವಾಡ ಜಿಲ್ಲೆಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. ಹಗ್ಗ ಬಿಚ್ಚಿ ಭೂಮಿ ಉಳಿಸಿಕೊಡಬೇಕೆಂಬುದು ಅವರ ವಾದ. ಐವತ್ತು ವರ್ಷ ಕಳೆದ ಮೇಲೆ ಬಂದ ನಮ್ಮ ಕಾಯ್ದೆ ಆ ಭೂಮಿಯನ್ನು ರಕ್ಷಣೆಯ ಬೇಲಿಯಿಂದಾಚೆ ಬಿಟ್ಟಿತು.

ಕಾಯ್ದೆಯನ್ನು ಕೊಂಡವರು ಪ್ರಶ್ನಿಸಿದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೆ ಒಂದು ವಿನಾಯಿತಿ ಕೊಟ್ಟಿತು: ಕಾಯ್ದೆ ಬರುವ ಮೊದಲೇ ದೀರ್ಘಕಾಲದ ಅನುಭವದಿಂದ ಹಕ್ಕು ಪೂರ್ಣವಾಗಿ ಕುದುರಿಸಿಕೊಂಡವರಿಗೆ ಇದು ತಟ್ಟದು. ಅಂದರೆ ಕೊಂಡವರ ಕಾಲದ ಲೆಕ್ಕ 1984ರಲ್ಲೇ ಚುಕ್ತಾ ಆಗಿತ್ತು.

ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು ಹೊಸ ಪ್ರಶ್ನೆ ಎತ್ತಿತು. ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿರಬಹುದು, ಆದರೂ ‘ಸಮಂಜಸ ಕಾಲ’ದೊಳಗೆ ಕ್ರಮ ಆಗಬೇಕು, ಸುಮಾರು 25 ವರ್ಷ ಸಮಂಜಸ ಅಲ್ಲ. ಈ ತೀರ್ಪನ್ನು ಹಿಡಿದು ರಾಜ್ಯದುದ್ದಕ್ಕೂ ಅರ್ಜಿಗಳು ವಜಾ ಆದವು. ದಲಿತ ಸಂಘಟನೆಗಳ ಹೋರಾಟದ ಮೇಲೆ 2023ರಲ್ಲಿ ವಿಧಾನಮಂಡಲ ಕಾಯ್ದೆಯನ್ನು ತಿದ್ದಿ, ಇಂಥ ಅರ್ಜಿಗೆ ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ ಎಂದು ಬರೆಯಿತು. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ತಡ ಬೇರೆ ಎಂದಿತು. ಮಿತಿ ಹೋದರೂ ತಡದ ಪ್ರಶ್ನೆ ಉಳಿಯಿತು.

ತಡ ಯಾರದು? ಚರಿತ್ರೆ ಕೇಳಬೇಕಾದ ಪ್ರಶ್ನೆ ಇದೇ. ಅರ್ಜಿಗೆ ಕಾಯದೆ ಕ್ರಮ ಕೈಗೊಳ್ಳುವ ಅಧಿಕಾರ 1979ರಿಂದಲೂ ಅಧಿಕಾರಿಯ ಕೈಯಲ್ಲಿತ್ತು. ಮಂಜೂರಾತಿ ಕಡತಗಳು ತಾಲ್ಲೂಕು ಕಚೇರಿಯಲ್ಲೇ ಇದ್ದವು. ಯಾವ ಸರ್ವೆ ನಂಬರು ಯಾರಿಗೆ ಕೊಟ್ಟದ್ದು, ಪಹಣಿಯಲ್ಲಿ ಈಗ ಯಾರ ಹೆಸರು ಅಂತ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ನೋಡದಿದ್ದದ್ದು ಪ್ರಭುತ್ವ. ಶಿಕ್ಷೆ ಮಾತ್ರ ಹೆಬ್ಬೆಟ್ಟೊತ್ತಿದವನ ಮೊಮ್ಮಗನಿಗೆ. ಯಾರ ಜಮೀನಿಗೆ ಹೋಗಿದೆಯೋ ಅವನ ಹೊಲದಲ್ಲೇ ಕೂಲಿಗೆ ಹೋಗುತ್ತ ಅವನ ಮೇಲೆಯೇ ಅರ್ಜಿ ಹಾಕುವುದೆಂದರೆ ಏನು? ನಾಳೆಯ ಕೂಲಿಯನ್ನು ಪಣಕ್ಕಿಡಬೇಕು. ಆ ಧೈರ್ಯ ಬರಲು ಒಬ್ಬ ಮಗ ಓದಬೇಕು, ಊರು ಬಿಡಬೇಕು, ಒಂದು ಸಂಘಟನೆ ಬೆನ್ನಿಗೆ ನಿಲ್ಲಬೇಕು. 25 ವರ್ಷ ಅಂದರೆ ಹೆಚ್ಚೂಕಮ್ಮಿ ಒಂದು ತಲೆಮಾರು. ಕೋರ್ಟಿಗೆ ತಡವಾಗಿ ಕಂಡದ್ದು ಕೇರಿಗೆ ಅಕ್ಷರ ಬರಲು ಹಿಡಿದ ಕಾಲ.

ಎದುರು ವಾದಗಳೂ ಇವೆ, ಅವನ್ನು ಹಾರಿಸಿ ಹೋಗುವುದು ಪ್ರಾಮಾಣಿಕತೆ ಅಲ್ಲ. ಕೊಂಡವರೆಲ್ಲ ಜಮೀನ್ದಾರರಲ್ಲ, ಎರಡೆಕರೆ ಕೊಂಡು ಬಾವಿ ತೋಡಿದ ಬಡ ಶೂದ್ರರೂ ಇದ್ದಾರೆ. ಬೆಂಗಳೂರಿನ ಸುತ್ತ ಭೂಮಿಗೆ ಚಿನ್ನದ ಬೆಲೆ ಬಂದ ಮೇಲೆ, ವಾರಸುದಾರನ ಹೆಸರಲ್ಲಿ ಅರ್ಜಿ ಹಾಕಿಸಿ ಬಿಡಿಸಿಕೊಂಡ ಜಮೀನನ್ನು ದಲ್ಲಾಳಿಗಳು ನುಂಗುತ್ತಾರೆ ಎಂಬ ದೂರೂ ಇದೆ. ಕಷ್ಟಕ್ಕೆ ಮಾರಲೂ ಸ್ವಾತಂತ್ರ್ಯ ಇಲ್ಲದ್ದು ಎಂಥ ಒಡೆತನ ಅಂತ ನಮ್ಮವರೇ ಕೇಳುತ್ತಾರೆ. ಬಡ ಕೊಳ್ಳುಗನಿಗೆ ಪರಿಹಾರ ಕೊಡುವುದಾದರೆ ಷರತ್ತು ಮುರಿದ ಪತ್ರ ನೋಂದಾಯಿಸಿದ ಸರ್ಕಾರವೇ ಕೊಡಲಿ. ಬಿಡಿಸಿಕೊಂಡ ಜಮೀನಿಗೆ ನೀರು, ಸಾಲ, ಬೀಜ ಒದಗಿಸಲಿ. ಇಲ್ಲದಿದ್ದರೆ ಅದು ಮತ್ತೆ ‘ಹೋಗು’ತ್ತದೆ. ಇವೆಲ್ಲ ಕಾಯ್ದೆಯನ್ನು ಬಲಪಡಿಸುವ ಕಾರಣಗಳು, ಬಾಗಿಲು ಹಾಕುವ ಕಾರಣಗಳಲ್ಲ.

ಈ ಕೆಲಸವನ್ನು ವಕೀಲರಿಗೆ ಮಾತ್ರ ಬಿಡಬಾರದು. ಒಂದೊಂದು ಊರಿನ ಮಂಜೂರಾತಿ ಪುಸ್ತಕ ತೆಗೆಸಿ, ಹಿರಿಯರನ್ನು ಕೂರಿಸಿ, ಯಾವ ವರ್ಷ, ಯಾವ ಸಾಲಕ್ಕೆ, ಯಾರ ಕೈಗೆ ಹೋಯ್ತು ಅಂತ ಬರೆದಿಡಬೇಕು. ಆ ‘ಹೋಯ್ತು’ಗಳೆಲ್ಲ ಸೇರಿದರೆ ಅದೇ ಕರ್ನಾಟಕದ ಭೂ ಚರಿತ್ರೆ. ತಡದ ಲೆಕ್ಕ ಕೇಳುವವರ ಮುಂದೆ ಅದನ್ನು ಇಡೋಣ.